ಹಳೇ ಬಂಗಲೆ ಕೊಳ್ಳಹೊರಟ ಅಳಿಯನಿಗೆ

ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ ಹತ್ತಿರ ಒಂದು ಹೆಂಚಿನ ಬಂಗಲೆ ನೋಡಿದ್ದೀಯಂತೆ, ಮುಂಗಡ ಕೊಡುವ ಮಾತೂ ನಡೆದಿದೆಯಂತೆ ಅಳಿಯಾ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ‘ಅಣ್ಣ, ನೀನೇ ಅವನಿಗೆ ಒಂದು ಮಾತು ಹೇಳು, ನನ್ನ ಮಾತು ಕೇಳೋನಲ್ಲ ಅವನು’ ಅಂದಳು. ನಾನು ಬೇಡ ಅನ್ನುತ್ತೀನಿ ಅಂತ ಅವಳ ಲೆಕ್ಕ. ನಾನು ಹಾಗನ್ನುವುದಿಲ್ಲ. ಧೈರ್ಯವಾಗಿ ಕೊಂಡುಕೋ. ಆದರೆ ಬ್ರೋಕರ್ ಕೊಟ್ಟ ಕಾಗದ ಕಳಿಸಿದ್ದೀಯಲ್ಲ, ಅದರಲ್ಲಿ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಶೈಲಿಯ ಪಾರಂಪರಿಕ ಮನೆ’ ಅಂತ ದಪ್ಪಕ್ಷರದಲ್ಲಿದೆ. ಅದರ ಕೆಳಗೇ ‘ಸಂಪೂರ್ಣ ನವೀಕರಣಕ್ಕೆ ಸೂಕ್ತ’ ಅಂತಲೂ ಇದೆ. ಈ ಎರಡು ಸಾಲು ಒಂದೇ ಕಾಗದದಲ್ಲಿ ಇರಬಾರದು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದು.

ಇಂಗ್ಲೆಂಡಿನಲ್ಲಿ ಕಾರ್ಖಾನೆಗಳು ಹೊಗೆಯುಗುಳುತ್ತಾ ಎಲ್ಲವನ್ನೂ ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಹೊಯ್ಯತೊಡಗಿದಾಗ, ಕೈಕೆಲಸದವನ ಪರವಾಗಿ ಕೆಲವರು ತೆಗೆದ ತಕರಾರೇ ಆರ್ಟ್ಸ್ ಅಂಡ್ ಕ್ರಾಫ್ಟ್ಸ್. ಅದರ ಮೊದಲ ಮನೆ ಅಂತ ಎಲ್ಲರೂ ತೋರಿಸುವುದು ‘ರೆಡ್ ಹೌಸ್’ ಅನ್ನುವ ಮನೆಯನ್ನು. ವಿಲಿಯಂ ಮಾರಿಸ್ ಅಂತ ಒಬ್ಬ, 1859ರಲ್ಲಿ ಇಪ್ಪತ್ತೈದರ ಹುಡುಗ, ಆಗ ತಾನೇ ಮದುವೆಯಾಗಿದ್ದ. ಗೆಳೆಯ ಫಿಲಿಪ್ ವೆಬ್ ಕೈಲಿ ಲಂಡನ್ನಿನ ಹೊರಗೆ, ಬೆಕ್ಸ್ಲಿಹೀತ್ ಅನ್ನುವಲ್ಲಿ, ಮನೆ ಕಟ್ಟಿಸಿದ. ಆ ಕಾಲದ ಸಿರಿವಂತರು ಇಟ್ಟಿಗೆ ಕಾಣಿಸಿದರೆ ಅವಮಾನ ಅಂತ ಮೇಲೆ ಗಿಲಾವು ಮಾಡಿಸಿ, ಕಲ್ಲಿನ ಹಾಗೆ ಗೆರೆ ಎಳೆಸುತ್ತಿದ್ದರು. ವೆಬ್ ಕೆಂಪು ಇಟ್ಟಿಗೆಯನ್ನು ಹಾಗೇ ಬಿಟ್ಟ. ಹೊರಗಿನಿಂದ ಸಮ ಕಾಣಲಿ ಅಂತ ಕಿಟಕಿ ಇಡಲಿಲ್ಲ, ಒಳಗಿನ ಕೋಣೆಗೆ ಎಲ್ಲಿ ಬೆಳಕು ಬೇಕೋ ಅಲ್ಲಿ ಇಟ್ಟ. ಕಡಿದಾದ ಹೆಂಚಿನ ಮಾಡು, ಅಂಗಳದಲ್ಲಿ ಟೋಪಿ ಹಾಕಿಕೊಂಡು ನಿಂತ ಬಾವಿ. ಒಳಗಿಡೋಣ ಅಂದರೆ ಅಂಗಡಿಯಲ್ಲಿ ಸಿಕ್ಕ ಕುರ್ಚಿ, ಮೇಜು, ಪರದೆ ಯಾವುದೂ ಒಗ್ಗಲಿಲ್ಲ, ಗೆಳೆಯರೆಲ್ಲ ಕೂತು ತಾವೇ ಮಾಡಿಕೊಂಡರು. ಅದರಿಂದಲೇ 1861ರಲ್ಲಿ ಒಂದು ಕಂಪನಿ ಹುಟ್ಟಿತು. ಕಥೆ ಚೆನ್ನಾಗಿದೆ, ಆದರೆ ಮಾರಿಸ್ ಆ ಮನೆಯಲ್ಲಿ ಇದ್ದದ್ದು ಐದೇ ವರ್ಷ. ಕೆಲಸಕ್ಕೆ ಅಂತ ದಿನಾ ಲಂಡನ್ನಿಗೆ ಹೋಗಿ ಬಂದು ಸುಸ್ತಾಗಿ, ದುಡ್ಡಿನ ಮುಗ್ಗಟ್ಟೂ ಸೇರಿ, 1865ರಲ್ಲಿ ಬಿಟ್ಟು ಹೊರಟ. ಮಾರತ್‌ಹಳ್ಳಿ ಸೇತುವೆ ದಾಟುವ ನಿನಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ನಿನಗೆ ಬೇಕಾದ ಸಂಗತಿ ಇರುವುದು ಇದಾದ ಮೇಲೆ. ಆಗ ಇಂಗ್ಲೆಂಡಿನಲ್ಲಿ ಹಳೇ ಚರ್ಚುಗಳನ್ನು ‘ಮೊದಲಿನಂತೆ ಮಾಡುತ್ತೇವೆ’ ಅಂತ ಹೊರಟವರು ಗೋಡೆಯ ಗಾರೆಯನ್ನೆಲ್ಲ ಕೆರೆದು, ಸವೆದ ಕಲ್ಲನ್ನು ಕಿತ್ತು, ಹೊಸದನ್ನು ಕೂರಿಸಿ, ಹಳೆಯದಕ್ಕಿಂತ ಹಳೆಯದಾಗಿ ಕಾಣುವ ಹೊಚ್ಚಹೊಸ ಕಟ್ಟಡ ಮಾಡಿಬಿಡುತ್ತಿದ್ದರು. ಮಾರಿಸ್‌ಗೂ ವೆಬ್‌ಗೂ ಮೈ ಉರಿದುಹೋಯಿತು. 1877ರಲ್ಲಿ ಹಳೇ ಕಟ್ಟಡಗಳನ್ನು ಕಾಯುವ ಸಂಘ ಕಟ್ಟಿದರು. ‘ಆಂಟಿ-ಸ್ಕ್ರೇಪ್’ ಅಂತ ಅದಕ್ಕೆ ಅಡ್ಡಹೆಸರು. ಅವರು ಹೇಳಿದ್ದು ಇಷ್ಟೇ: ಕೆರೆಯಬೇಡಿ, ಹೊಸದು ಮಾಡಬೇಡಿ, ದಿನದಿನದ ಆರೈಕೆಯಿಂದ ಕೆಡದಂತೆ ನೋಡಿಕೊಳ್ಳಿ, ಕೆಟ್ಟ ಜಾಗವನ್ನಷ್ಟೇ ರಿಪೇರಿ ಮಾಡಿ. ಆ ಸಂಘ ಈಗಲೂ ನಡೆಯುತ್ತಿದೆ. ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಅಂತ ಹೆಸರು ಹೇಳಿಕೊಂಡು ಸಂಪೂರ್ಣ ನವೀಕರಣಕ್ಕೆ ಕರೆಯುವವನಿಗೆ ಆ ಹೆಸರಿನ ಗಂಧವೂ ಇಲ್ಲ ಅನ್ನುವುದು ಇದಕ್ಕೇ.

ಇನ್ನು ವೈಟ್‌ಫೀಲ್ಡಿನ ವಿಚಾರ. ಡಿ.ಎಸ್. ವೈಟ್ ಅನ್ನುವವರು ಆಂಗ್ಲೋ-ಇಂಡಿಯನ್ನರ ಸಂಘ ಕಟ್ಟಿ, ನಮ್ಮವರಿಗೂ ಒಂದು ನೆಲೆ ಬೇಕು, ಬೇಸಾಯ ಮಾಡಿಕೊಂಡು ಬದುಕುವ ಊರು ಬೇಕು ಅಂತ ಹಟ ಹಿಡಿದಿದ್ದರು. ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ 3,900 ಎಕರೆ ಕೊಟ್ಟರು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲೇ ರೈಲು ಬಂದಿತ್ತು, ಹೊಸ ಊರು ಆ ಹಳಿಯ ಹತ್ತಿರವೇ ಆಯಿತು. ನಡುವೆ ದುಂಡನೆಯ ಬಯಲು, ಅದರ ಸುತ್ತ ಮನೆಗಳ ಸಾಲು, ಅದರಾಚೆ ಇನ್ನೊಂದು ಸುತ್ತು. ಇನ್ನರ್ ಸರ್ಕಲ್ ಔಟರ್ ಸರ್ಕಲ್ ಅಂತ ನೀವು ಆಟೋದವನಿಗೆ ಹೇಳುವುದು ಆ ನಕ್ಷೆಯ ಉಳಿಕೆ. ಮೆಮೋರಿಯಲ್ ಚರ್ಚು 1886ರದು. ಬೇಸಾಯದ ಕನಸು ಮಾತ್ರ ಅಷ್ಟಾಗಿ ಕೈಗೂಡಲಿಲ್ಲ. ಹುಡುಗರು ರೈಲ್ವೆ, ಟೆಲಿಗ್ರಾಫು, ಕೋಲಾರದ ಚಿನ್ನದ ಗಣಿ ಅಂತ ಸಂಬಳದ ದಾರಿ ಹಿಡಿದರು. ಊರು ಪಿಂಚಣಿದಾರರ ಊರಾಗಿ, ಮಾವು ಹಲಸಿನ ತೋಪುಗಳ ನಡುವೆ ತಣ್ಣಗೆ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಮನೆತನಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹೋದವು. ಆಮೇಲೆ ಐಟಿಪಿಎಲ್ ಅನ್ನುವ ಐಟಿ ಪಾರ್ಕು ಬಂತು. ಮುಂದಿನದು ನಿನಗೇ ಗೊತ್ತು, ಆ ಕಥೆಯಲ್ಲಿ ನೀನೂ ಒಬ್ಬ ಪಾತ್ರಧಾರಿ.

ಬ್ರೋಕರ್ ನಿನಗೆ ಚರ್ಚಿಲ್ ಕಥೆ ಹೇಳಿರುತ್ತಾನೆ, ಹೇಳದೆ ಇರುವುದಿಲ್ಲ. ಇನ್ನರ್ ಸರ್ಕಲ್ಲಿನ ವೇವರ್ಲಿ ಇನ್ ಅನ್ನುವ ಹೋಟೆಲಿನ ಯಜಮಾನನ ಮಗಳ ಹಿಂದೆ ಚರ್ಚಿಲ್ ಸುತ್ತುತ್ತಿದ್ದ ಅನ್ನುವುದು ಊರವರ ಬಾಯಲ್ಲಿ ಬೆಳೆದ ಕಥೆ. ಆತ 1896ರಿಂದ ಬೆಂಗಳೂರು ದಂಡಿನಲ್ಲಿ ಸೈನ್ಯಾಧಿಕಾರಿಯಾಗಿದ್ದದ್ದು ನಿಜ. ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದದ್ದೂ ನಿಜ. ತಾನಿದ್ದ ಬಂಗಲೆಯ ಬಗ್ಗೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹೆಂಚಿನ ಮಾಡು, ಅಗಲವಾದ ವರಾಂಡ, ಬಿಳಿ ಗಾರೆಯ ಕಂಬ, ಅದಕ್ಕೆ ಹಬ್ಬಿದ ಬೋಗನ್‌ವಿಲ್ಲಾ. ಆ ವರ್ಣನೆ ನೀನು ಕಳಿಸಿದ ಬಂಗಲೆಯ ಫೋಟೋಗೂ ಹೊಂದುತ್ತದೆ, ಬೆಂಗಳೂರಿನ ನೂರಾರು ಮನೆಗಳಿಗೂ ಹೊಂದುತ್ತಿತ್ತು. ಆ ಕಥೆಗೆ ಅಂತ ಚದರಡಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡ.

ಹಾಗಾದರೆ ಇದು ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಮನೆಯೋ ಅಲ್ಲವೋ? ಮಾರಿಸ್‌ನ ಶಿಷ್ಯ ಯಾರೂ ಬಂದು ಕಟ್ಟಿದ ಮನೆಗಳಲ್ಲ ಇವು. ದಂಡಿನ ಬಂಗಲೆಯ ನಕ್ಷೆ, ವಿಲಾಯತಿ ಕಾಟೇಜಿನ ಅಲಂಕಾರ, ನಮ್ಮ ಮೇಸ್ತ್ರಿಯ ಕೈ, ಇಷ್ಟು ಸೇರಿ ಆದದ್ದು. ಆದರೆ ಇನ್ನೊಂದು ಕಡೆಯಿಂದ ನೋಡು. ಬಂಗಲೆ ಅನ್ನುವ ಮನೆಯ ರೂಪವೇ ಬಂಗಾಳದ ಗುಡಿಸಲಿನಿಂದ ಹೊರಟು, ವರಾಂಡ ಕಟ್ಟಿಕೊಂಡು, 1870ರ ಸುಮಾರಿಗೆ ಇಂಗ್ಲೆಂಡಿನ ಕೆಂಟ್ ಕರಾವಳಿ ಸೇರಿತು. ಅಲ್ಲಿಂದ ಅಮೆರಿಕಕ್ಕೆ ಹೋಯಿತು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಗ್ರೀನ್ ಸಹೋದರರು 1908ರಲ್ಲಿ ಕಟ್ಟಿದ ಗ್ಯಾಂಬಲ್ ಹೌಸ್ ನೋಡಲು ನಿಮ್ಮ ಕಂಪನಿಯ ಹುಡುಗರು ಟಿಕೆಟ್ ತಗೊಂಡು ಹೋಗುತ್ತಾರೆ. ಮುಂದಕ್ಕೆ ಚಾಚಿದ ಸೂರು, ಬಯಲಲ್ಲೇ ಮಲಗುವ ಹಾಗೆ ಮಾಡಿದ ವರಾಂಡ, ಮರದ ಬೆಸುಗೆಯನ್ನು ಮುಚ್ಚಿಡದೆ ತೋರಿಸುವ ಬಡಗಿ ಕೆಲಸ. ನಮ್ಮಿಂದ ಹೋದದ್ದು ಅಲ್ಲಿ ಬಿರುದು ಪಡೆದು, ಈಗ ಬ್ರೋಕರ್ ಕಾಗದದಲ್ಲಿ ವಾಪಸ್ಸು ಬಂದಿದೆ. ಕೈಕಸುಬಿನ ಮಾತಿಗೆ ಬಂದರೆ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಯವರೇ ನಮ್ಮ ಕಡೆ ಬೆರಳು ತೋರಿಸುತ್ತಿದ್ದರು. ಆನಂದ ಕುಮಾರಸ್ವಾಮಿ 1909ರಲ್ಲಿ ಭಾರತದ ಕುಶಲಕರ್ಮಿಗಳ ಬಗ್ಗೆ ಪುಸ್ತಕ ಬರೆದಾಗ ಅದಕ್ಕೆ ಮುನ್ನುಡಿ ಬರೆದವನು ಆ ಚಳವಳಿಯ ದೊಡ್ಡ ಹೆಸರುಗಳಲ್ಲಿ ಒಬ್ಬನಾದ ಸಿ.ಆರ್. ಆ್ಯಶ್ಬಿ. ಹಾಗಾಗಿ ಆ ಹೆಸರನ್ನು ನಾನು ಅರ್ಧ ಒಪ್ಪುತ್ತೇನೆ. ಒಪ್ಪಿದ ಮೇಲೆ ಅದರ ನೇಮವನ್ನೂ ಪಾಲಿಸಬೇಕು.

ಈಗ ಫೋಟೋಗಳ ವಿಚಾರ. ಎಡಗಡೆ ಕೋಣೆಯ ಕಿಟಕಿಯನ್ನು ನೀನು ಹತ್ತಿರದಿಂದ ತೆಗೆದಿದ್ದೀಯ, ಒಳ್ಳೆಯದಾಯಿತು. ಕಿಟಕಿಯ ಮೇಲೆ ಚೂಪಾದ ಸಣ್ಣ ಮಾಡು ಮುಂದಕ್ಕೆ ಚಾಚಿದೆ, ಅದರ ಮುಂಭಾಗಕ್ಕೆ ತೆಳ್ಳನೆಯ ಮರದ ಪಟ್ಟಿಗಳನ್ನು ಸಾಲಾಗಿ ಹೊಡೆದಿದ್ದಾರೆ. ಇದೇ ಬೆಂಗಳೂರಿನ ಮಂಕಿ ಟಾಪ್. ರಿಚ್ಮಂಡ್ ಟೌನು, ಬಸವನಗುಡಿ, ಮಲ್ಲೇಶ್ವರ ಎಲ್ಲೆಲ್ಲೂ ಇತ್ತು, ಈಗ ಹುಡುಕಬೇಕು. ಚೆಂದಕ್ಕಷ್ಟೇ ಮಾಡಿದ್ದು ಅಂದುಕೊಳ್ಳಬೇಡ. ಓರೆಯಾಗಿ ಬೀಳುವ ಮಳೆ ಅಲ್ಲೇ ಮುರಿಯುತ್ತದೆ, ಬಿಸಿಲು ಪಟ್ಟಿಗಳ ಸಂದಿನಲ್ಲಿ ಸೋಸಿ ಬರುತ್ತದೆ, ಗಾಳಿಗೆ ಮಾತ್ರ ತಡೆಯಿಲ್ಲ. ಕಿಟಕಿ ತೆರೆದಿಟ್ಟೇ ಮಳೆ ನೋಡಬಹುದು. ಫೋಟೋ ದೊಡ್ಡದು ಮಾಡಿ ನೋಡಿದರೆ ಒಂದೊಂದು ಪಟ್ಟಿಯ ತುದಿಯನ್ನೂ ಈಟಿಯ ಹಾಗೆ ಕೊರೆದಿರುವುದು ಕಾಣುತ್ತದೆ, ಯಾವ ಎರಡೂ ಒಂದೇ ಸಮ ಇಲ್ಲ. ಉಳಿ ಹಿಡಿದ ಕೈ ಒಂದು ಕಡೆ ಸ್ವಲ್ಪ ಆಳಕ್ಕೆ ಹೋಗಿದೆ, ಒಂದು ಕಡೆ ಜಾರಿದೆ. ಬಲಗಡೆ ಮೂರು ಪಟ್ಟಿ ಉದುರಿ, ಯಾರೋ ಅಲ್ಲಿ ಪ್ಲೈವುಡ್ ತುಂಡು ಹೊಡೆದು ಬಣ್ಣ ಬಳಿದಿದ್ದಾರೆ. ಕಂಟ್ರಾಕ್ಟರ್ ಬಂದರೆ ‘ಸಾರ್, ಪೂರಾ ಕಿತ್ತು ಹಾಕಿ ಮೆಷಿನ್ ಕಟ್ ಮಾಡಿಸಿ ಹೊಸದು ಕೂರಿಸೋಣ, ಫಿನಿಶಿಂಗ್ ಚೆನ್ನಾಗಿರುತ್ತೆ’ ಅನ್ನುತ್ತಾನೆ. ಉದುರಿದ್ದು ಮೂರು, ಮಾಡಿಸಬೇಕಾದ್ದೂ ಮೂರೇ. ಗಟ್ಟಿಯಿರುವ ಒಂದು ಪಟ್ಟಿಯನ್ನು ಜೋಪಾನವಾಗಿ ಬಿಚ್ಚಿ, ಅದರ ಅಳತೆಗೆ ಹಳೇ ತೇಗದಲ್ಲಿ ಆಚಾರ್ರ ಕೈಲಿ ಕೊರೆಸು. ಹಳೇ ನಾಟ ಮಾರುವ ಕಡೆ ಕೆಡವಿದ ಮನೆಗಳ ತೇಗ ಧಾರಾಳ ಸಿಗುತ್ತದೆ. ಸಿಗುವುದಕ್ಕೆ ಕಾರಣ ಬೇಸರದ್ದು, ಆದರೂ ಅದೇ ಒಳ್ಳೆಯ ಮರ.

ನನಗೆ ನಿಜವಾಗಿ ಚಿಂತೆ ತಂದದ್ದು ಹಿಂದಿನ ಕೋಣೆಯ ಫೋಟೋ. ನೆಲದಿಂದ ಮೂರಡಿಯವರೆಗೆ ಸಿಮೆಂಟ್ ಗಿಲಾವು ಮಾಡಿದ್ದಾರೆ. ಅದರ ಮೇಲಂಚಿನಲ್ಲಿ ಕಪ್ಪಗೆ ತೇವದ ಗೆರೆ, ಗೆರೆಯ ಮೇಲೆ ಬಿಳೀ ಉಪ್ಪು ಬಿಟ್ಟು ಸುಣ್ಣ ಹೊಪ್ಪಳಿಕೆ ಎದ್ದಿದೆ. ತೇವ ಬಂತು ಅಂತ ಸಿಮೆಂಟ್ ಹಾಕಿದ್ದಾರೆ, ಸಿಮೆಂಟ್ ಹಾಕಿದ್ದಕ್ಕೆ ತೇವ ಇನ್ನೂ ಮೇಲೆ ಹತ್ತಿದೆ.

ಹಳೇ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು, ಒಂದೂವರೆ ಅಡಿ ದಪ್ಪ ಇರಬೇಕು. ಅದಕ್ಕೆ ಇವತ್ತಿನ ಹಾಗೆ ತೇವ ತಡೆಯುವ ಪದರ ಇಲ್ಲ. ನೆಲದ ನೀರು ಸ್ವಲ್ಪ ಸ್ವಲ್ಪ ಮೇಲಕ್ಕೆ ಹೀರುತ್ತದೆ, ಸುಣ್ಣದ ಗಿಲಾವಿನ ಸೂಕ್ಷ್ಮ ರಂಧ್ರಗಳಿಂದ ಹಾಗೇ ಆರಿಹೋಗುತ್ತದೆ. ಬೇಸಿಗೆಯಲ್ಲಿ ಹತ್ತಿ ಬಟ್ಟೆ ಉಟ್ಟವನ ಬೆವರು ಆರುವ ಹಾಗೆ. ಅದರ ಮೇಲೆ ಸಿಮೆಂಟು ಅಥವಾ ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಹೊದೆಸಿದರೆ ಆರಲು ದಾರಿಯಿಲ್ಲದೆ ನೀರು ಇನ್ನೂ ಮೇಲಕ್ಕೆ ಏರುತ್ತದೆ, ಜೊತೆಗೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಒಡೆಯುತ್ತದೆ. ಇನ್ನೊಂದು ತೊಂದರೆ, ಸಿಮೆಂಟು ಹಳೇ ಇಟ್ಟಿಗೆಗಿಂತ ಗಟ್ಟಿ. ಮನೆ ಬಿಸಿಲು ಚಳಿಗೆ ಒಂದಿಷ್ಟು ಹಿಗ್ಗಿ ಕುಗ್ಗುವಾಗ ಸುಣ್ಣ ಜೊತೆಗೆ ಬಾಗುತ್ತದೆ, ಸಿಮೆಂಟು ಬಾಗದು, ಬಿರುಕು ಇಟ್ಟಿಗೆಗೆ ಬೀಳುತ್ತದೆ. ಬಸವನಗುಡಿಯಲ್ಲಿ ನನಗೆ ಬೇಕಾದವರೊಬ್ಬರು ತಾತನ ಮನೆಗೆ ಒಳಹೊರಗೆ ಸಿಮೆಂಟ್ ಗಿಲಾವು ಮಾಡಿಸಿ ಗೃಹಪ್ರವೇಶದ ಊಟವನ್ನೂ ಹಾಕಿಸಿದರು. ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆಗೆ ತಾಗಿದ್ದ ಬೀರುವಿನ ಹಿಂದೆ ಬೂಷ್ಟು ಬೆಳೆದಿತ್ತು.

ಸುಣ್ಣ ಅಂದರೆ ದುರ್ಬಲ ಅಂತ ಯಾರಾದರೂ ಹೇಳಿದರೆ ಅವರನ್ನು ಕನ್ನಂಬಾಡಿ ಕಟ್ಟೆಗೆ ಕರೆದುಕೊಂಡು ಹೋಗು. 1911ರಲ್ಲಿ ಶುರುವಾದ ಆ ಕಟ್ಟೆಯನ್ನು ಸುರ್ಕಿ ಗಾರೆಯಲ್ಲಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುಣ್ಣದಲ್ಲಿ, ಕಟ್ಟಿದರು. ಸುಣ್ಣಕ್ಕೆ ಬೇಕಾದ್ದು ತಾಳ್ಮೆ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ, ಕುದಿ ಇಳಿದ ಮೇಲೆ ವಾರಗಟ್ಟಲೆ ನೀರಿನಲ್ಲೇ ಬಿಡಬೇಕು. ಹಿಂದೆ ಎತ್ತು ಕಟ್ಟಿ ಗಾಣದಲ್ಲಿ ಗಾರೆ ಅರೆಯುತ್ತಿದ್ದರು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದರು. ಹಚ್ಚಿದ ಮೇಲೂ ಗಾಳಿಯಲ್ಲಿನ ಇಂಗಾಲದ ಅನಿಲ ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಕಲ್ಲಾಗುತ್ತದೆ. ಅವಸರದವರಿಗೆ ಒಗ್ಗುವ ಸಾಮಾನಲ್ಲ. ನಿನ್ನ ಹಿಂದಿನ ಕೋಣೆಗೆ ಮಾಡಬೇಕಾದ್ದು ಆ ಮೂರಡಿ ಸಿಮೆಂಟನ್ನು ಹುಷಾರಾಗಿ ಬಿಡಿಸಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಆರಲು ಬಿಟ್ಟು, ಮತ್ತೆ ಸುಣ್ಣದ ಗಿಲಾವನ್ನೇ ಮಾಡಿಸುವುದು. ಕೆರೆಯಬೇಡ ಅಂದವನೇ ಬಿಡಿಸು ಅಂತೀನಲ್ಲ ಅಂತ ನಗಬೇಡ. ಸಿಮೆಂಟು ಆ ಮನೆಯದಲ್ಲ, ಮೇಲಿಂದ ಮೆತ್ತಿದ್ದು.

ಕೊಂಡ ಕೂಡಲೇ ಕೆಲಸ ಮಾತ್ರ ಶುರು ಮಾಡಿಸಬೇಡ. ಒಂದು ಮಳೆಗಾಲ ಆ ಮನೆಯಲ್ಲಿ ಸುಮ್ಮನೆ ಇರಿ, ಇಬ್ಬರೂ. ಭರಣಿ ಮಳೆಯಿಂದ ಹಿಡಿದು ಸ್ವಾತಿ ಮಳೆಯವರೆಗೆ ನೋಡಿದರೆ ಮನೆ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಮುಂಗಾರಿನಲ್ಲಿ ಪಡುವಣ ಗಾಳಿ ಯಾವ ಕಿಟಕಿಗೆ ಬಡಿಯುತ್ತದೆ, ಹಿಂಗಾರಿನಲ್ಲಿ ಮೂಡಲ ಕಡೆಯಿಂದ ಬಂದಾಗ ಎಲ್ಲಿ ಸೋರುತ್ತದೆ, ಎರಡು ಮಾಡು ಸೇರುವ ಕಡೆ ಹಾಕಿರುವ ತಗಡಿನಲ್ಲಿ ನೀರು ನಿಲ್ಲುತ್ತದೆಯೋ, ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತದೆಯೋ. ಬಕೆಟ್ ಇಟ್ಟ ಜಾಗವನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿಕೋ. ನಕ್ಷೆ ಅಂದೆ, ಮೊದಲು ಅದನ್ನು ಬರೆಯಬೇಕು. ಜಾನೆಟ್ ಪಾಟ್ ಅನ್ನುವ ಹೆಂಗಸು ಬೆಂಗಳೂರಿನ ಹಳೇ ಬಂಗಲೆಗಳ ಅಳತೆ ತೆಗೆದು, ಚಿತ್ರ ಬರೆದು, 1977ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿರುವ ಮನೆಗಳಲ್ಲಿ ಎಷ್ಟೋ ಈಗ ಆ ಪುಸ್ತಕದಲ್ಲಷ್ಟೇ ಇವೆ. ಅಂಥದೇ ಕೆಲಸ ನಿನ್ನ ಮನೆಗೆ ಮಾಡಿಕೋ. ಟೇಪು ಹಿಡಿದು ಕೋಣೆ, ಬಾಗಿಲು, ಕಿಟಕಿ, ಕಂಬ ಎಲ್ಲದರ ಅಳತೆ ಬರೆದಿಡು. ಕೈಯಾರೆ ಅಳೆದ ಮನೆ ಬೇರೆ ರೀತಿ ಅರ್ಥವಾಗುತ್ತದೆ. ಇಷ್ಟೆತ್ತರದ ಚಾವಣಿ ಯಾಕೆ, ಚಾವಣಿಯ ಕೆಳಗೆ ಹಗ್ಗ ಎಳೆದು ತೆರೆಯುವ ಸಣ್ಣ ಗವಾಕ್ಷಿ ಯಾಕೆ ಅಂತ ಆಗ ಹೊಳೆಯುತ್ತದೆ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಆಚೆ ಹೋಗಲಿ ಅಂತ ಮಾಡಿದ್ದು. ಅದನ್ನು ಮುಚ್ಚಿ ಜಿಪ್ಸಂ ಸೀಲಿಂಗ್ ಹಾಕಿಸಿದರೆ ಆಮೇಲೆ ಎಸಿ ಇಲ್ಲದೆ ಇರಲಾಗುವುದಿಲ್ಲ.

ದುಡ್ಡು ಖರ್ಚು ಮಾಡುವಾಗ ಮೇಲಿನಿಂದ ಕೆಳಕ್ಕೆ ಬಾ. ಮೊದಲು ಮಾಡು. ಮಂಗಳೂರು ಹೆಂಚು ದೀರ್ಘಾಯುಷಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಶುರು ಮಾಡಿದ ಕಸುಬು ಅದು. ಹೆಂಚು ಇಳಿಸುವಾಗ ಹಿಂಬದಿಯ ಮುದ್ರೆ ನೋಡು, ಕಾರ್ಖಾನೆಯ ಹೆಸರು ಸಿಗುತ್ತದೆ. ಒಡೆದದ್ದನ್ನು ಮಾತ್ರ ಬದಲಿಸು, ಗಟ್ಟಿಯಿದ್ದದ್ದನ್ನು ತೊಳೆದು ಮತ್ತೆ ಏರಿಸು. ಹೊಸ ಹೆಂಚನ್ನು ಹಿಂದಿನ ಇಳಿಜಾರಿಗೆ ಹಾಕಿ, ಅಲ್ಲಿಯ ಹಳೆಯದನ್ನು ಮುಂದಕ್ಕೆ ತಂದರೆ ತೇಪೆ ಕಾಣುವುದಿಲ್ಲ. ರೀಪರು, ಜಂತೆಗಳಿಗೆ ಗೆದ್ದಲು ಹತ್ತಿದೆಯೋ ಅಂತ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿಸು, ಟೊಳ್ಳು ಶಬ್ದ ಬಂದರೆ ಅಷ್ಟು ಭಾಗ ಕತ್ತರಿಸಿ ಹೊಸ ಮರ ಬೆಸೆಯಬಹುದು. ಆಮೇಲೆ ನೆಲದ ನೀರು. ಮನೆಯ ಸುತ್ತ ಯಾರೋ ಸಿಮೆಂಟ್ ಬ್ಲಾಕ್ ಹಾಸಿ ಅಂಗಳವನ್ನು ಜಗುಲಿಯ ಮಟ್ಟಕ್ಕೆ ಎತ್ತರಿಸಿದ್ದಾರೆ, ಫೋಟೋದಲ್ಲಿ ಕಾಣುತ್ತದೆ. ಅದನ್ನು ತೆಗೆಸಿ, ಗೋಡೆಯಿಂದ ಆಚೆಗೆ ನೀರು ಹರಿಯುವ ಹಾಗೆ ಮಾಡಿದರೆ ಅರ್ಧ ತೇವ ತಾನೇ ಹೋಗುತ್ತದೆ. ಗೋಡೆಯ ಸಂದಿನ ಅರಳಿ ಗಿಡವನ್ನು ಎಳೆದು ಕೀಳಬೇಡ, ಇಟ್ಟಿಗೆಯೂ ಜೊತೆಗೆ ಬರುತ್ತದೆ. ಕತ್ತರಿಸಿ, ಬೇರು ಸಾಯಿಸಿ, ಆಮೇಲೆ ಸಂದು ತುಂಬಿಸು. ವೈರಿಂಗ್ ಮಾತ್ರ ಪೂರ್ತಿ ಹೊಸದೇ ಆಗಲಿ, ಅದರಲ್ಲಿ ಹಳೆಯದರ ಮೇಲೆ ಪ್ರೀತಿ ಬೇಡ. ಕೆಂಪು ನೆಲ ಅಲ್ಲಲ್ಲಿ ಬಿರಿದಿದೆ. ಬಿರಿದಿರಲಿ. ಸಣ್ಣ ಬಿರುಕು ತುಂಬಿಸಿ, ತಿಂಗಳಿಗೊಮ್ಮೆ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸು. ಅಂಥ ನೆಲವನ್ನು ಕರಣೆಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡುವ ಕೈಗಳು ಈಗ ಕಡಮೆ, ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಅಂಟಿಸಿದರೆ ಮತ್ತೆ ಸಿಗುವುದಿಲ್ಲ.

ಕೆಲಸದವರನ್ನು ಹುಡುಕುವುದೇ ಇದರಲ್ಲಿ ಕಷ್ಟದ ಭಾಗ. ದೊಡ್ಡ ಇಂಟೀರಿಯರ್ ಕಂಪನಿಗೆ ಒಟ್ಟಿಗೆ ಗುತ್ತಿಗೆ ಕೊಟ್ಟರೆ ಅವರಿಗೆ ಕಿತ್ತು ಹೊಸದು ಹಾಕುವುದೇ ಲಾಭ, ರಿಪೇರಿಯಲ್ಲಿ ಗಿಟ್ಟುವುದಿಲ್ಲ. ದಿನಗೂಲಿಯ ಮೇಲೆ ಒಬ್ಬ ಗಾರೆ ಮೇಸ್ತ್ರಿ, ಒಬ್ಬ ಆಚಾರ್ರು, ಹೆಂಚು ಹೊದೆಸುವವರು ಇಬ್ಬರು ಸಾಕು. ಬೆಂಗಳೂರಿನಲ್ಲಿ ಮಣ್ಣು, ಸುಣ್ಣದಲ್ಲಿ ಕೆಲಸ ಮಾಡುವ ವಾಸ್ತುಶಿಲ್ಪಿಗಳು ಈಗ ಇದ್ದಾರೆ, ಅವರ ಹತ್ತಿರ ಪಳಗಿದ ಮೇಸ್ತ್ರಿಗಳೂ ಇದ್ದಾರೆ. ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಆಸ್ತ್ರ’ ಅಂತ ಶುರುವಾಗಿ, ಒತ್ತು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಸಂಶೋಧನೆ ನಡೆಯಿತು, ಆ ವಿದ್ಯೆ ಊರಲ್ಲಿ ಹರಡಿದೆ. ಪಾರಂಪರಿಕ ಕಟ್ಟಡಗಳನ್ನು ಕಾಯುವ ಇಂಟ್ಯಾಕ್‌ನ ಬೆಂಗಳೂರು ಶಾಖೆಯವರನ್ನೂ ಕೇಳು. ಕೆಲಸದವರಿಗೆ ಕೂಲಿಯಲ್ಲಿ ಚೌಕಾಸಿ ಮಾಡಬೇಡ. ಮಾರಿಸ್‌ಗೆ ಕಡೆಯವರೆಗೂ ಕೊರೆದ ಸಂಕಟ ಇದೇ. ಕೈಕೆಲಸದವನಿಗೆ ನ್ಯಾಯವಾದ ಕೂಲಿ ಕೊಟ್ಟರೆ ಸಾಮಾನು ತುಟ್ಟಿಯಾಗಿ, ಸಿರಿವಂತರ ಮನೆಗಷ್ಟೇ ಹೋಗುತ್ತಿತ್ತು. ಈ ಗಂಟನ್ನು ಆತನೂ ಬಿಡಿಸಲಿಲ್ಲ. ನೀನು ಬಿಡಿಸಬೇಕಾಗಿಲ್ಲ, ಸಂಜೆ ಕೂಲಿ ಕೊಡುವಾಗ ನೆನಪಿದ್ದರೆ ಸಾಕು. ನಿಮ್ಮ ಮನೆ ಕಟ್ಟಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಬಂಡೆಗೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸಿದ ಭೋವಿಗಳು, ಗಾರೆ ಅರೆದ ಹೆಂಗಸರು, ತಮಿಳೋ ತೆಲುಗೋ ಕನ್ನಡವೋ ಮಾತಾಡುತ್ತಾ ಆ ಪಟ್ಟಿ ಕೊರೆದ ಆಚಾರ್ರು. ಈಗ ರಿಪೇರಿ ಮಾಡುವವರ ಹೆಸರನ್ನಾದರೂ ತಾರೀಖು ಹಾಕಿ ನಿನ್ನ ನಕ್ಷೆಯ ಪುಸ್ತಕದಲ್ಲಿ ಬರೆದಿಡು.

ನಿಮಗೆ ಹೊಸ ಬಚ್ಚಲು, ಅಡುಗೆಮನೆ ಬೇಕೇ ಬೇಕು. ಕಟ್ಟಿಸು. ಆದರೆ ಹಿಂಬದಿಯಲ್ಲಿ, ಹಳೇ ಗೋಡೆಗೆ ಆದಷ್ಟು ಕಡಮೆ ತೂತು ಮಾಡಿ, ಹೊಸದು ಹೊಸದಾಗಿಯೇ ಕಾಣುವ ಹಾಗೆ. ಕಾರೈಕುಡಿಯಿಂದ ಕಂಬ ತಂದು ನಿಲ್ಲಿಸುವುದು, ಫೈಬರ್ ಮಂಕಿ ಟಾಪ್ ಅಂಟಿಸುವುದು, ಇವೆಲ್ಲ ರೆಸಾರ್ಟಿನವರ ಚಾಳಿ. ಆ ಕಂಬ ಇನ್ನೊಬ್ಬರ ಮನೆ ಬಿದ್ದಿದ್ದಕ್ಕೆ ಸಾಕ್ಷಿ, ನಿನ್ನ ಮನೆಗೆ ಅದರಿಂದ ಏನೂ ಬರುವುದಿಲ್ಲ.

ಬಂಗಲೆಯ ಮೋಹದಲ್ಲಿ ನಮ್ಮ ಕಡೆಯ ಮನೆಗಳನ್ನು ಮರೆಯಬೇಡ. ಕುಂದಲಹಳ್ಳಿಯ ಹಳೇ ಊರೊಳಗೆ ಹೋದರೆ ಪಿಜಿ ಕಟ್ಟಡಗಳ ಸಂದಿಯಲ್ಲಿ ಈಗಲೂ ಒಂದೊಂದು ಕಲ್ಲು ಚಪ್ಪಡಿಯ ಜಗುಲಿ, ಒಂದೊಂದು ನಾಡಹೆಂಚಿನ ಮಾಡು ಕಣ್ಣಿಗೆ ಬೀಳುತ್ತದೆ. ಕೆರೆಯ ಮಣ್ಣು, ಹತ್ತಿರದ ಬಂಡೆಯ ಕಲ್ಲು, ಹೊಲದ ಬದುವಿನ ಮರ. ದನಕ್ಕೂ ಜನಕ್ಕೂ ಒಂದೇ ಸೂರು, ರಾಗಿಗೆ ನೆಲದಡಿಯಲ್ಲಿ ಹಗೇವು. ಪ್ರತಿ ವರ್ಷ ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ಮಳೆಗೆ ಮುಂಚೆ ಹೆಂಚು ಕೈಯಾಡಿಸುವುದು. 1877ರಲ್ಲಿ ಲಂಡನ್ನಿನಲ್ಲಿ ಸಂಘ ಕಟ್ಟಿ ಹೇಳಿದ ದಿನದಿನದ ಆರೈಕೆ ನಮ್ಮ ಹೆಂಗಸರಿಗೆ ಹಬ್ಬದ ಕೆಲಸವಾಗಿತ್ತು. ಆ ಮನೆಗಳಿಗೆ ಯಾವ ಬ್ರೋಕರೂ ಶೈಲಿಯ ಹೆಸರಿಟ್ಟು ಕಾಗದ ಅಚ್ಚು ಹಾಕಿಸುವುದಿಲ್ಲ, ನಿವೇಶನದ ಬೆಲೆ ಕಟ್ಟಿ ಕೆಡವುತ್ತಾರೆ. 2023ರಲ್ಲಿ ಮೆಟ್ರೋ ಬಂದ ಮೇಲೆ ಇನ್ನೂ ಜೋರು. ಹೆಂಚು ಹೊದೆಸುವವರು ಬೇಕಾದರೆ ಇಂಥ ಮನೆಯಲ್ಲಿ ಇನ್ನೂ ಇರುವ ಅಜ್ಜಿಯರನ್ನು ಕೇಳು, ಯಾರ ಕೈ ಒಳ್ಳೆಯದು ಅಂತ ಅವರಿಗೆ ಗೊತ್ತಿರುತ್ತದೆ.

ಇನ್ನು ಕಾಗದಪತ್ರ. ಮೂಲಪತ್ರದಿಂದ ಇಲ್ಲಿಯವರೆಗಿನ ಸರಪಳಿ ಪೂರ್ತಿ ನೋಡಿಸು. ಇಂಥ ಆಸ್ತಿಗೆ ವಾರಸುದಾರರು ಪರ್ತ್‌ನಲ್ಲಿ ಒಬ್ಬರು, ಟೊರಾಂಟೊದಲ್ಲಿ ಒಬ್ಬರು ಇರುವುದು ಮಾಮೂಲು, ಎಲ್ಲರ ಸಹಿ ಇದೆಯೋ, ಅಧಿಕಾರ ಪತ್ರ ಸರಿಯಾಗಿ ನೋಂದಣಿಯಾಗಿದೆಯೋ ಅಂತ ನಮಗೆ ಗೊತ್ತಿರುವ ವಕೀಲರಿಗೇ ತೋರಿಸು, ಬ್ರೋಕರ್ ಹೇಳಿದವರಿಗಲ್ಲ. ಕರಾರಿನಲ್ಲಿ ಇನ್ನೊಂದು ಪುಟ ಸೇರಿಸಬೇಕು. ಮನೆಯಲ್ಲಿರುವ ಬಾಗಿಲು ಎಷ್ಟು, ಯಾವುದು ಬೀಟೆ, ಯಾವುದು ತೇಗ, ಹಿತ್ತಾಳೆಯ ಅಗುಳಿ ಎಷ್ಟು, ಬಣ್ಣದ ಗಾಜು ಎಷ್ಟು, ಮಂಕಿ ಟಾಪ್ ಎಷ್ಟು, ಎಲ್ಲದರ ಪಟ್ಟಿ ಫೋಟೋ ಸಮೇತ, ಪುಟದ ಕೊನೆಗೆ ಇಬ್ಬರ ಸಹಿ. ಮುಂಗಡಕ್ಕೂ ನೋಂದಣಿಗೂ ನಡುವಿನ ಎರಡು ಮೂರು ತಿಂಗಳಲ್ಲಿ ಬೀಟೆ ಬಾಗಿಲು ಹೋಗಿ ಫ್ಲಷ್ ಡೋರ್ ಬಂದು ಕೂತಿರುವುದನ್ನು ನಾನು ಕಂಡಿದ್ದೇನೆ. ಈ ಭಾನುವಾರ ನೀನು ಬಿಡುವಾಗಿದ್ದರೆ ಆ ಪಟ್ಟಿ ಮಾಡಲು ನಾನೂ ಬರುತ್ತೇನೆ, ಟೇಪು ನನ್ನ ಹತ್ತಿರ ಇದೆ, ಏಣಿ ಮಾತ್ರ ನೀನು ಹೊಂದಿಸು.